ಮೈಲುತುತ್ತ ಮತ್ತು ನಮ್ಮನೆ ಕೆರೆ

ಮಳೆ ಹಿಡಿದ ರಾತ್ರಿ ವಾಕಡದಲ್ಲಿ ಕಪ್ಪೆ ಕೂಗಿದರೆ, ಪರವಾಗಿಲ್ಲ, ಇಲ್ಲಿನ ನೀರಿಗೆ ಇನ್ನೂ ಜೀವ ಇದೆ ಅಂದುಕೊಳ್ತೇನೆ. ಈ ಲೆಕ್ಕ ಕಲಿಸಿದ್ದು ಸಾಗರದ ಕಡೆಯ ನಮ್ಮನೆ ಕೆರೆ.

ಅಡಿಕೆ ತೋಟಕ್ಕೆಂದು ಹಿರಿಯರು ತೋಡಿಸಿದ ಕೆರೆ ಅದು. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಆಮೆ ಬಿಸಿಲು ಕಾಯಿಸುತ್ತಿತ್ತು. ಮಿಂಚುಳ್ಳಿ ಬಾಣದ ಹಾಗೆ ನೀರಿಗೆ ಬೀಳುತ್ತಿತ್ತು. ಹುಂಡುಕೋಳಿಯ ಮರಿಗಳು ಕರ್ರಗೆ, ಥೇಟ್ ಮಸಿ ಉಂಡೆಗಳು! ಒಳ್ಳೆಹಾವು ಬಂದರೆ ಅಮ್ಮ ನಮ್ಮನ್ನೇ ಗದರುತ್ತಿದ್ದಳು, ಹಾವನ್ನಲ್ಲ. ಬೆಳಗಾದರೆ ಕೆಸರಲ್ಲಿ ಕಬ್ಬೆಕ್ಕಿನ ಹೆಜ್ಜೆ ಹುಡುಕಲು ನಮ್ಮಲ್ಲಿ ಪೈಪೋಟಿ.

ಇವೆಲ್ಲ ಉಳಿದದ್ದು ಅಪ್ಪಯ್ಯನ ಒಂದು ಕಟ್ಟಪ್ಪಣೆಯಿಂದ: ಔಷಧಿ ಡ್ರಮ್ಮನ್ನು ಕೆರೆಯಲ್ಲಿ ತೊಳೆಯಕೂಡದು.

ಹಿಂದೆ ಕೊಳೆರೋಗ ಬಾರದಿರಲೆಂದು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಲೆನಾಡಿನ ಎಷ್ಟೋ ಮನೆಗಳ ಅನ್ನ ಉಳಿಸಿದ ಔಷಧಿ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಲುತುತ್ತದ ತಾಮ್ರ ಮೀನಿಗೂ ಗೊದಮೊಟ್ಟೆಗೂ ವಿಷ. ಕಪ್ಪೆ ಮೊಟ್ಟೆಯಿಡುವುದೂ ಮುಂಗಾರಿನಲ್ಲಿ, ಔಷಧಿ ಹೊಡೆಯುವುದೂ ಮುಂಗಾರಿನಲ್ಲೇ. ಅಪ್ಪಯ್ಯ ರಸಾಯನಶಾಸ್ತ್ರ ಓದಿದವರಲ್ಲ. ಯಾರದೋ ತೋಟದ ಕೆರೆಯಲ್ಲಿ ಮೀನು ಬೆಳ್ಳಗೆ ತೇಲಿದ್ದನ್ನು ಕಂಡಿದ್ದರು, ಅಷ್ಟೇ. ಆಮೇಲೆ ನಮ್ಮಲ್ಲಿ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು, ಡ್ರಮ್ಮನ್ನು ದೂರದ ಬೇಣದಲ್ಲಿ ತೊಳೆಯುವ ಪದ್ಧತಿ. ಆಳುಗಳು ಗೊಣಗುತ್ತಿದ್ದರು, ನಾವೂ.

ಈಗ ತೋಟ ತಮ್ಮನದು. ಡ್ರಮ್ಮು ಈಗಲೂ ಬೇಣಕ್ಕೇ ಹೋಗುತ್ತದೆ. ಮೊನ್ನೆ ಫೋನಿನಲ್ಲಿ ಕೇಳಿದೆ. ಹುಂಡುಕೋಳಿ ಇದೆಯಂತೆ, ಆಮೆ ಮಾತ್ರ ಕಾಣದೆ ಬಹಳ ವರ್ಷವಾಯಿತಂತೆ.