ಬಾಯಿಪಾಠವೂ ಮಾತೂ: ಬಳ್ಳಾರಿ ಸೀಮೆಯ ಶಾಲೆಗಳ ಒಂದು ಹಳೆಯ ಪ್ರಶ್ನೆ

ಹೊಸಪೇಟೆ, ಹಂಪಿ, ಕಂಪ್ಲಿಗಳಿದ್ದ ಹಳೆಯ ಬಳ್ಳಾರಿ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳ ಬಾಯಿಗೆ ಎಂಥ ಕೆಲಸವಿತ್ತು ಎಂದು ತಿಳಿಯಲು ಒಂದು ಗಟ್ಟಿ ದಾಖಲೆ ಇದೆ. ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿ ಅದು. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಲೆಕ್ಕ ಕೇಳಿದ್ದ. ಈ ವರದಿಯನ್ನು ಇತಿಹಾಸಕಾರ ಧರ್ಮಪಾಲರು 1983ರಲ್ಲಿ ಮತ್ತೆ ಬೆಳಕಿಗೆ ತಂದರು.

ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದ ಶಾಲೆಗಳು 533, ಮಕ್ಕಳು 6,641. ಎಂದರೆ ಶಾಲೆಗೆ ಸರಾಸರಿ ಹನ್ನೆರಡು ಮಂದಿ. ಕನ್ನಡ ಶಾಲೆಗಳು 235, ತೆಲುಗಿನವು 226. ಇಂಗ್ಲಿಷಿನದು ಒಂದೇ ಒಂದು. ತೆಲುಗು ಶಾಲೆಗಳು ಇಷ್ಟೊಂದಿರುವುದಕ್ಕೆ ಆಗ ಅನಂತಪುರವೂ ಇದೇ ಜಿಲ್ಲೆಯಲ್ಲಿದ್ದುದು ಒಂದು ಕಾರಣ ಎಂಬುದನ್ನು ಮರೆಯಬಾರದು. ಘೋರ್ಪಡೆ ಮನೆತನದ ಸಂಡೂರು ಬೇರೆಯೇ ಸಂಸ್ಥಾನವಾದ್ದರಿಂದ ಈ ಲೆಕ್ಕಕ್ಕೆ ಸಿಗುವುದಿಲ್ಲ. ಓದುತ್ತಿದ್ದ ಹಿಂದೂ ಹೆಣ್ಣುಮಕ್ಕಳು ಇಡೀ ಜಿಲ್ಲೆಯಲ್ಲಿ ಅರವತ್ತು.

ಕ್ಯಾಂಪ್‌ಬೆಲ್‌ನ ಕಣ್ಣು ಚುರುಕು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು; ಎರಡನೆಯವನಿಗೆ ಸೊನ್ನೆ; ಮೂರನೆಯವನಿಗೆ ಮೆಲ್ಲಗೆ ಒಂದೇಟು. ಅಕ್ಷರ ಕಲಿಕೆ ಶುರುವಾಗುತ್ತಿದ್ದುದು ಉಚ್ಚಾರದಿಂದಲ್ಲ, ಮರಳಿನ ಮೇಲೆ ಬೆರಳಾಡಿಸಿ. ಯುರೋಪಿನ ಕ್ರಮಕ್ಕಿಂತ ಇದು ಬೇರೆ ಎಂದು ಅವನೇ ಗುರುತಿಸುತ್ತಾನೆ. ನಮ್ಮ ಹಳೆಯ ಶಾಲೆಗಳೆಂದರೆ ಬರೀ ಬಾಯಿಪಾಠ ಎನ್ನುವವರು ಈ ಮಾತನ್ನು ಗಮನಿಸಬೇಕು.

ಬಾಯಿಪಾಠ ಬರುತ್ತಿದ್ದುದು ಅಕ್ಷರ ಕಲಿತ ಮೇಲೆ. ಜಂಗಮ, ಲಿಂಗಾಯತ ಮಕ್ಕಳು ಕಲಿಯುತ್ತಿದ್ದ ಪುಸ್ತಕಗಳ ಪಟ್ಟಿಯಲ್ಲಿ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣಗಳಿವೆ. ಗಿರಿಜಾಕಲ್ಯಾಣದ ಹರಿಹರ ಹಂಪಿಯ ವಿರೂಪಾಕ್ಷನ ಭಕ್ತ. ರಾಘವಾಂಕ ಅವನ ಸೋದರಳಿಯ. ತಮ್ಮೂರಿನ ಕವಿಗಳ ಪದ್ಯವೇ ಆದರೂ ಆ ಭಾಷೆ ಮಕ್ಕಳ ಆಡುಮಾತಿಗೆ ದೂರ. ಅರ್ಥವಾಗದ್ದನ್ನು ಗಿಳಿಪಾಠ ಒಪ್ಪಿಸುತ್ತಾರೆ ಎಂಬುದು ಕ್ಯಾಂಪ್‌ಬೆಲ್‌ನ ಮುಖ್ಯ ಆಕ್ಷೇಪ. ಆಕ್ಷೇಪ ಸರಿಯೇ.

ಆದರೆ ಅದೇ ವರದಿಯಲ್ಲಿ ಅವನು ಮೆಚ್ಚಿದ ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮುಂದಿದ್ದ ಮಕ್ಕಳು ಹಿಂದಿದ್ದವರಿಗೆ ಕಲಿಸುತ್ತಿದ್ದರು. ಅದರಿಂದ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಇಂಗ್ಲೆಂಡು ಈ ಪದ್ಧತಿಯನ್ನು ಅನುಕರಿಸಿದ್ದು ಯೋಗ್ಯವೇ ಎನ್ನುತ್ತಾನೆ. ಮದ್ರಾಸಿನಲ್ಲಿದ್ದ ಆಂಡ್ರೂ ಬೆಲ್ 1797ರಲ್ಲಿ ಪುಸ್ತಕ ಬರೆದು ಈ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಪ್ರಚಾರ ಮಾಡಿದ್ದ.

ಕ್ಯಾಂಪ್‌ಬೆಲ್‌ನ ವರದಿಗೆ ಸರಿಯಾಗಿ ಇನ್ನೂರು ವರ್ಷ ಹಿಂದೆ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುವ ದಾರಿಯಲ್ಲಿ ನಾಲ್ವರು ಹುಡುಗರು ರಾಗವಾಗಿ ಹೇಳುತ್ತ ಮರಳ ಮೇಲೆ ಲೆಕ್ಕ ಬರೆಯುವುದನ್ನು ಕಂಡ. ಗುರುವಿಲ್ಲದಾಗ ತಪ್ಪಿದರೆ ತಿದ್ದುವವರು ಯಾರೆಂದು ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ ಎಂದರು ಹುಡುಗರು. ಆ ಉತ್ತರ ಯಾವ ಪದ್ಯದಿಂದಲೂ ಬಂದದ್ದಲ್ಲ. ಪದ್ಯ ಒಪ್ಪಿಸುವಾಗ ಗಂಟಲು, ನೆನಪು ಪಳಗುತ್ತವೆ. ತಪ್ಪಿದ ಗೆಳೆಯನಿಗೆ ತಿಳಿಸಿ ಹೇಳುವಾಗಲೇ ಸ್ವಂತ ಮಾತು ಬೇಕಾಗುವುದು. ಕ್ಯಾಂಪ್‌ಬೆಲ್ ಇವೆರಡನ್ನೂ ಕಂಡ; ಒಂದರ ಕೊರತೆಯನ್ನು ಇನ್ನೊಂದು ಎಷ್ಟು ತುಂಬುತ್ತಿತ್ತೆಂದು ಮಾತ್ರ ಕೇಳಲಿಲ್ಲ.

ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂತು. ಇನ್‌ಸ್ಪೆಕ್ಟರರ ಎದುರು ತಪ್ಪಿಲ್ಲದೆ ಒಪ್ಪಿಸುವುದು ಶಾಲೆಯ ಹೊಟ್ಟೆಪಾಡಾದಾಗ ಸ್ವಂತ ಮಾತಿಗೆ ಜಾಗ ಇನ್ನೂ ಕಿರಿದಾಯಿತು. ಶಾಲೆಯ ಹೊರಗೆ, ಊರಿನಲ್ಲಿ ಬಯಲಾಟದ ತಾಲೀಮು ಇತ್ತು, ಮರಿಯಮ್ಮನಹಳ್ಳಿಯಂಥ ಕಡೆ ನಾಟಕವಿತ್ತು. ಧ್ವನಿಯೆತ್ತಿ ಹೇಳುವುದನ್ನು ಅನೇಕರು ಅಲ್ಲೇ ಕಲಿತರು.

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ತುಂಗಭದ್ರಾ ನೀರಾವರಿ ಹಬ್ಬಿದ ಮೇಲೆ ಪ್ರಶ್ನೆ ಮತ್ತಷ್ಟು ತೊಡಕಾಯಿತು. ಸಂಡೂರಿನ ತಾಂಡಾಗಳ ಮಗುವಿನ ಮನೆಮಾತು ಲಂಬಾಣಿ, ಕಂಪ್ಲಿ ಸುತ್ತಿನ ವಲಸೆ ರೈತರ ಕ್ಯಾಂಪುಗಳದು ತೆಲುಗು, ಹೊಸಪೇಟೆಯ ಎಷ್ಟೋ ಓಣಿಗಳಲ್ಲಿ ಉರ್ದು. ಇಂಥ ಮಗು ತರಗತಿಯಲ್ಲಿ ಸುಮ್ಮನಿದ್ದರೆ ಅದನ್ನು ದಡ್ಡತನವೆನ್ನುವುದು ಅವಸರದ ತೀರ್ಪು.

ಈಗ ಮಾತಿಗೆಂದು ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಗಳಿವೆ: ಕಂಠಪಾಠ, ಭಾಷಣ, ಆಶುಭಾಷಣ. ಆದರೆ ವೇದಿಕೆ ಹತ್ತುವವರು ಶಾಲೆಗೆ ಕೆಲವೇ ಮಂದಿ, ಬಹುಮಟ್ಟಿಗೆ ಮೊದಲೇ ಬಾಯಿ ಬಂದವರು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಕೂರುವ ಗುಂಪುಗಳಲ್ಲಿ ಗೆಳೆಯರ ಬೆಂಬಲದವೂ ಇವೆ. ಪಾಠದಲ್ಲಿ ಮುಂದೆ ಹೋದವರು ಪಕ್ಕದವರಿಗೆ ಹೇಳಿಕೊಡಬೇಕು. ಸಂಡೂರಿನ ತಾಂಡಾ ಶಾಲೆಯಲ್ಲಿ ಆ ವಿವರಣೆ ಲಂಬಾಣಿಯಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿದರೂ ಶಿಕ್ಷಕರು ತಡೆಯಬೇಕಿಲ್ಲ.