ಏಳರಿಂದ ಎಂಟಕ್ಕೆ, ಹತ್ತರಿಂದ ಮುಂದಕ್ಕೆ

ನಮ್ಮ ಭಾಗದ ಹಿರಿಯರಿಗೆ ‘ಮುಲ್ಕಿ ಪರೀಕ್ಷೆ’ ಎಂಬ ಮಾತು ಇನ್ನೂ ನೆನಪಿದೆ. ಮುಲ್ಕಿ ಪಾಸಾದವರೇ ಕನ್ನಡ ಶಾಲೆಯ ಮಾಸ್ತರರಾಗುತ್ತಿದ್ದ ಕಾಲವದು. ಬಡವರ ಮಕ್ಕಳಿಗೆ ಅದೇ ಓದಿನ ಕೊನೆಯ ಮೆಟ್ಟಿಲೂ ಆಗಿತ್ತು. ಏಕೆಂದರೆ ಏಳನೆಯ ತರಗತಿ ಊರಲ್ಲಿದ್ದರೆ, ಎಂಟನೆಯದು ಹಲವು ಮೈಲಿ ದೂರದಲ್ಲಿತ್ತು.

ಈ ದೂರವನ್ನು ಮೊದಲು ಕಡಿಮೆ ಮಾಡಿದ್ದು ಅನ್ನ ಮತ್ತು ಆಸರೆ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಅಸಂಖ್ಯ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲೇ ದಲಿತ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ದೇವರಾಜ ಅರಸರ ಕಾಲದಲ್ಲಿ, 1975ರಲ್ಲಿ, ಹಾವನೂರು ಆಯೋಗದ ವರದಿ ಬಂದಿತು. ಆ ಬಳಿಕ ತಾಲ್ಲೂಕು ಕೇಂದ್ರಗಳಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ಹೆಚ್ಚಿದವು.

ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಕಿರಿಯ ತರಗತಿಗಳಿಗೆ ಆರಂಭವಾಗಿ, ಮುಂದೆ ಏಳನೆಯ ತರಗತಿಯವರೆಗೆ ವಿಸ್ತರಿಸಿತು. ಆದರೆ ಎಂಟಕ್ಕೆ ಬಂದ ಮಗುವಿಗೆ ಮಧ್ಯಾಹ್ನದ ಬಿಸಿಯೂಟ ತಪ್ಪುತ್ತಿತ್ತು. ಪ್ರೌಢಶಾಲೆಗೆ ಅದು ದೊರೆತದ್ದು 2007ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, 2006-07ರಲ್ಲಿ, ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಬಂದಿತ್ತು. ಆಮೇಲೆ ಗಂಡುಮಕ್ಕಳಿಗೂ ಸಿಕ್ಕಿತು. ‘ದೂರ ಆಗ್ತದ, ಬ್ಯಾಡ’ ಎನ್ನುತ್ತಿದ್ದ ಮನೆಗಳಲ್ಲಿ ಆ ಮಾತಿನ ಬಲ ಕುಗ್ಗಿತು. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು.

ಹೊಟ್ಟೆ ಮತ್ತು ಹಾದಿಯ ತೊಂದರೆ ನೀಗಿದರೂ ಪಾಠದ ಕಂದಕ ಉಳಿಯುತ್ತದೆ. ಅದಕ್ಕಾಗಿಯೇ ಜೂನ್‌ನಲ್ಲಿ ಸೇತುಬಂಧ. ಮಗು ಹಿಂದಿನ ತರಗತಿಯಲ್ಲಿ ಏನು ಕಲಿತಿಲ್ಲ ಎಂದು ನೋಡಿ, ಅದನ್ನು ಕಲಿಸಿಯೇ ಹೊಸ ಪಾಠ ತೆರೆಯುವುದು. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಆದರೆ ಅದರ ರಕ್ಷಣೆ ಇರುವುದು ಹದಿನಾಲ್ಕು ವರ್ಷದವರೆಗೆ ಮಾತ್ರ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಅದರಾಚೆಗಿದೆ.

ಇಂದಿನ ಕಠಿಣ ಹೊಸ್ತಿಲು ಅದೇ. ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ ಹೋದ ನಮ್ಮಂಥವರಿಗೆ ಗೊತ್ತು: ಗೊತ್ತಿರುವ ಲೆಕ್ಕವೇ ಇಂಗ್ಲಿಷಿನಲ್ಲಿ ಅಪರಿಚಿತವಾಗುತ್ತದೆ. ಜೊತೆಗೆ ಹಾಸ್ಟೆಲ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ. ಇವುಗಳಲ್ಲಿ ಒಂದು ತಪ್ಪಿದರೂ ಬಡ ಮನೆಯಲ್ಲಿ ಮಗುವಿನ ಓದು ನಿಲ್ಲಬಹುದು.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ಸಂತೋಷ. ಅದರೊಂದಿಗೆ ಪ್ರತಿವರ್ಷ ಫಲಿತಾಂಶ ಬಂದ ವಾರ ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಕುಳಿತು ಅರ್ಜಿ ತುಂಬಿಸೋಣ. ವಿಜ್ಞಾನ, ಗಣಿತದ ಇಂಗ್ಲಿಷ್ ಪದಗಳನ್ನು ಒಂದು ತಿಂಗಳು ಕಲಿಸೋಣ. ಏಳರಿಂದ ಎಂಟಕ್ಕೆ ನಮ್ಮನ್ನು ದಾಟಿಸಿದ ಶಾಲೆಯ ಋಣ ಹೀಗೆ ತೀರಲಿ.