ಮೊದಲೇ ಇದ್ದ ಕಾಯಿಲೆ ಮತ್ತು ಆರೋಗ್ಯ ವಿಮೆ

ಶುಗರ್, ಬಿ.ಪಿ. ಇದ್ದವರಿಗೆ ಆರೋಗ್ಯ ವಿಮೆಯಿಂದ ಪ್ರಯೋಜನವಿಲ್ಲ ಎಂದು ನಮ್ಮ ಸಮಾಜದಲ್ಲಿ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ನೀಡಿದ ಕಾಯಿಲೆಗೆ ‘ಮೊದಲೇ ಇದ್ದ ಕಾಯಿಲೆ’ ಎನ್ನುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ಇದಕ್ಕೆ ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು. ಮೊದಲು 48 ಇತ್ತು.

ತೊಂದರೆ ಶುರುವಾಗುವುದು ಅರ್ಜಿ ತುಂಬುವಾಗ. ‘ದಿನಕ್ಕೊಂದು ಮಾತ್ರೆ ತಾನೇ, ಬರೆಯಬೇಡಿ’ ಎನ್ನುವ ಏಜೆಂಟರಿದ್ದಾರೆ. ಆದರೆ ಸಹಿ ನಮ್ಮದು. ಆಸ್ಪತ್ರೆಗೆ ಸೇರಿದಾಗ ಶುಗರ್ ಎಷ್ಟು ವರ್ಷದಿಂದ ಎಂದು ವೈದ್ಯರು ಕೇಳುತ್ತಾರೆ. ನಾವು ‘ಹತ್ತು ವರ್ಷ’ ಎನ್ನುತ್ತೇವೆ. ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಕ್ಲೇಮ್ ಅಲ್ಲಿಗೇ ನಿಲ್ಲಬಹುದು, ಪಾಲಿಸಿಯೇ ರದ್ದಾಗಬಹುದು. ಪಾಲಿಸಿ ತಪ್ಪದೆ 60 ತಿಂಗಳು ನಡೆದ ಮೇಲೆ ಮಾತ್ರ, ವಂಚನೆ ಸಾಬೀತಾಗದಿದ್ದರೆ, ಮಾಹಿತಿ ಮುಚ್ಚಿಟ್ಟಿರೆಂದು ಕ್ಲೇಮ್ ನಿರಾಕರಿಸುವಂತಿಲ್ಲ. ಅದನ್ನು ನಂಬಿ ಸುಳ್ಳು ಬರೆಯುವುದು ಶ್ರಾವಕರಿಗೆ ಒಪ್ಪುವ ಮಾತೂ ಅಲ್ಲ, ವ್ಯವಹಾರವೂ ಅಲ್ಲ.

ಕಂಪನಿಯಿಂದ ಕಂಪನಿಗೆ ಪಾಲಿಸಿ ಪೋರ್ಟ್ ಮಾಡಿಸಿದರೆ ಕಾದ ತಿಂಗಳುಗಳು ಲೆಕ್ಕಕ್ಕೆ ಬರುತ್ತವೆ. ವಿಮಾ ಮೊತ್ತ ಏರಿಸಿದರೆ ಏರಿಸಿದ ಭಾಗಕ್ಕೆ ಎಣಿಕೆ ಹೊಸದು. ನವೀಕರಣದ ದಿನಾಂಕ ಮರೆತು ಹೆಚ್ಚುವರಿ ಗಡುವೂ ದಾಟಿದರೆ ಹಿಂದಿನದೆಲ್ಲ ಹೋದಂತೆ. ಅಂಗಡಿಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ. ಮೊದಲು ಕಂಪನಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.